ಹೆರಿಗೆ ಆಗಲಿ, ಆಮೇಲೆ ನೋಡೋಣ

ಗಂಡನ ಮನೆಯಿಂದ ಫೋನು ನಿಂತುಹೋದ ಬಸುರಿಗೆ ನಮ್ಮ ಕಡೆ ಎಲ್ಲರೂ ಹೇಳುವ ಸಮಾಧಾನ ಒಂದೇ: ಹೆರಿಗೆ ಆಗಲಿ, ಮಗುವಿನ ಮುಖ ನೋಡಿದರೆ ಅವನ ಮನಸ್ಸು ಕರಗುತ್ತೆ. ಹೇಳುವವರಲ್ಲಿ ಕೆಟ್ಟವರು ಯಾರೂ ಇರುವುದಿಲ್ಲ. ಅಮ್ಮ, ಸೋದರಮಾವ, ಮದುವೆಯ ಮಾತುಕತೆಗೆ ಕೂತಿದ್ದ ಹಿರಿಯರು, ಕಡೆಗೆ ಠಾಣೆಯ ಸಾಹೇಬರೂ ಅದನ್ನೇ ಹೇಳುತ್ತಾರೆ. ಮಗು ಹೊಟ್ಟೆಯಲ್ಲಿರುವಾಗಲೇ ಜೀವನಾಂಶಕ್ಕೆ ಅರ್ಜಿ ಹಾಕಿದವಳು ನಾನು. ಅದಕ್ಕೆ ಆತುರಗೇಡಿ, ಮನೆಮುರುಕಿ ಎಂದೆಲ್ಲ ಅನ್ನಿಸಿಕೊಂಡಿದ್ದೇನೆ, ಆ ಮಾತು ಇನ್ನೂ ಚುಚ್ಚುತ್ತದೆ. ನನ್ನ ಮನೆಯ ಕಥೆಯನ್ನು ಇಲ್ಲಿ ಬಿಚ್ಚುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಕಾನೂನಿನ ಕಲಮು, ಕೋರ್ಟುಗಳ ತೀರ್ಪು, ಸರ್ಕಾರಿ ಯೋಜನೆಗಳ ಷರತ್ತು ಇಷ್ಟನ್ನೇ ಇಟ್ಟುಕೊಂಡು ನೋಡಿದರೂ ಆ ಸಮಾಧಾನದ ಮಾತಿಗೆ ರೂಪಾಯಿ ಲೆಕ್ಕದಲ್ಲಿ ಒಂದು ಬೆಲೆ ಇದೆ ಎಂಬುದು ಗೊತ್ತಾಗುತ್ತದೆ. ಆ ಬೆಲೆ ತೆರುವವರು ಬಸುರಿ ಮತ್ತು ಅವಳ ಮಗು. ಒಂಟಿಯಾಗಿ ಹೆರಬೇಕಾದವಳಿಗೆ ತಡ ಮಾಡುವುದರಷ್ಟು ದುಬಾರಿ ಖರ್ಚು ಇನ್ನೊಂದಿಲ್ಲ ಎಂಬುದೇ ನನ್ನ ವಾದ.

ತಡವಾಗುವುದಕ್ಕೆ ನಮ್ಮಲ್ಲಿ ಒಂದು ವಿಶೇಷ ಕಾರಣವಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮುಗಿಸಿ ಕರೆತಂದರೆ, ಬಾಣಂತನ ಮುಗಿದು ಮಗುವಿನೊಂದಿಗೆ ಹಿಂತಿರುಗುವುದು ಮೂರು ತಿಂಗಳಿಗೋ ಐದಕ್ಕೋ. ಅಷ್ಟೂ ಕಾಲದ ಖರ್ಚು ತವರಿನ ತಲೆಗೆ. ಗಂಡ ಒಂದು ರೂಪಾಯಿ ಕಳಿಸದಿದ್ದರೂ ಯಾರೂ ಹುಬ್ಬೇರಿಸುವುದಿಲ್ಲ, ತಿಂಗಳಿಗೊಮ್ಮೆ ಬಂದು ನೋಡದಿದ್ದರೆ ಡ್ಯೂಟಿ ಇರಬೇಕು ಎನ್ನುತ್ತಾರೆ. ಬಿಟ್ಟುಹೋಗಬೇಕು ಎಂದುಕೊಂಡ ಗಂಡಸಿಗೆ ಇದಕ್ಕಿಂತ ಅನುಕೂಲದ ಕಾಲ ಸಿಗದು. ಅವನು ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು. ತವರಿಗೆ ಹೊರಟವಳ ಚೀಲದಲ್ಲಿ ಏನಿರುತ್ತದೆ ನೋಡಿ: ನಾಲ್ಕು ನೈಟಿ, ತಾಯಿ ಕಾರ್ಡು, ಸ್ಕ್ಯಾನಿಂಗ್ ರಿಪೋರ್ಟಿನ ಫೈಲು, ಮಾತ್ರೆ. ಒಡವೆ ಅತ್ತೆಯ ಬೀರುವಿನಲ್ಲಿ ಉಳಿಯುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಾಸ್‌ಬುಕ್ಕು, ಒಡವೆ ಕೊಂಡ ಅಂಗಡಿಯ ರಸೀದಿ, ಮದುವೆಯ ಆಲ್ಬಮ್, ಲಗ್ನಪತ್ರಿಕೆ ಎಲ್ಲವೂ ಅಲ್ಲೇ. ಮುಂದೆ ಕೋರ್ಟು ಕೇಳುವ ಕಾಗದಗಳೂ ಇವೇ. ಅಷ್ಟೇ ಸಾಲದೆಂಬಂತೆ, ಗಂಡನ ಕಡೆಯ ವಕೀಲರು ಸಲ್ಲಿಸುವ ತಕರಾರಿನ ಮೊದಲ ಪುಟದಲ್ಲೇ ‘ಅರ್ಜಿದಾರಳು ತಾನಾಗಿಯೇ ಮನೆ ಬಿಟ್ಟು ಹೋಗಿರುತ್ತಾಳೆ’ ಎಂಬ ಸಾಲು ಬರುತ್ತದೆ. ತಕ್ಕ ಕಾರಣವಿಲ್ಲದೆ ಗಂಡನ ಜೊತೆ ಬಾಳಲು ಒಪ್ಪದ ಹೆಂಡತಿಗೆ ಜೀವನಾಂಶವಿಲ್ಲ ಎಂದು ಕಾನೂನಿನಲ್ಲೇ ಇದೆ. ಹೆರಿಗೆಗೆ ಬಂದವಳು ತಾನು ಹೆರಿಗೆಗೇ ಬಂದದ್ದು ಎಂದು ಸಾಬೀತು ಮಾಡಬೇಕಾಗುತ್ತದೆ! ಆದ್ದರಿಂದ ಕರೆದುಕೊಂಡು ಹೋಗು ಎಂದು ಕೇಳಿದ ಮೆಸೇಜು, ಆಸ್ಪತ್ರೆಗೆ ದುಡ್ಡು ಕಳಿಸು ಎಂದು ಕೇಳಿದ ಮೆಸೇಜು, ಅದಕ್ಕೆ ಬಾರದ ಉತ್ತರ ಎಲ್ಲವೂ ಸಾಕ್ಷ್ಯವೇ. ಸಿಟ್ಟಿನಲ್ಲಿ ಅಳಿಸಬೇಡಿ. ಅವು ಇರುವ ಫೋನನ್ನೇ ಜೋಪಾನ ಮಾಡಿ.

ಈಗ ದುಡ್ಡಿನ ಲೆಕ್ಕಕ್ಕೆ ಬರೋಣ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಹೆಸರು ಬದಲಾದರೂ ಹೂರಣ ಹೆಚ್ಚುಕಡಿಮೆ ಅದೇ. ಅದರಂತೆ ಜೀವನಾಂಶ ಆದೇಶದ ದಿನದಿಂದ, ಇಲ್ಲವೇ ಕೋರ್ಟು ಹಾಗೆಂದು ಹೇಳಿದರೆ ಅರ್ಜಿ ಹಾಕಿದ ದಿನದಿಂದ ಸಲ್ಲಬೇಕು. ಈ ‘ಇಲ್ಲವೇ’ ಒಬ್ಬೊಬ್ಬ ನ್ಯಾಯಾಧೀಶರ ಕೈಯಲ್ಲಿ ಒಂದೊಂದು ಥರ ಆಗುತ್ತಿತ್ತು. 2020ರ ನವೆಂಬರ್ 4ರಂದು ರಜನೀಶ್–ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಪ್ರಕರಣಗಳಲ್ಲೂ ಅರ್ಜಿಯ ದಿನದಿಂದಲೇ ಕೊಡಬೇಕು ಎಂದು ಹೇಳಿ ಗೊಂದಲ ಬಗೆಹರಿಸಿತು. ತೀರ್ಪನ್ನು ಎಲ್ಲರೂ ಹೊಗಳುತ್ತಾರೆ. ಅದರ ಇನ್ನೊಂದು ಮಗ್ಗುಲನ್ನು ಬಸುರಿಗೆ ಹೇಳುವವರು ಕಡಿಮೆ: ಅರ್ಜಿಯ ಹಿಂದಿನ ದಿನಗಳಿಗೆ ಈ ಕಲಮಿನಲ್ಲಿ ಏನೂ ಇಲ್ಲ. ತಿಂಗಳಿಗೆ 8,000 ರೂಪಾಯಿ ನಿಗದಿಯಾಗುತ್ತದೆ ಎಂದೇ ಇಟ್ಟುಕೊಳ್ಳಿ. ಏಳನೇ ತಿಂಗಳಲ್ಲಿ ಹಾಕಬೇಕಿದ್ದ ಅರ್ಜಿಯನ್ನು ಹೆರಿಗೆ ಕಳೆದು, ನಾಮಕರಣ ಕಳೆದು, ಹಿರಿಯರ ಮೂರು ಸುತ್ತಿನ ಮಾತುಕತೆ ಕಳೆದು ಹತ್ತು ತಿಂಗಳ ಮೇಲೆ ಹಾಕಿದರೆ 80,000 ರೂಪಾಯಿ ಹೋಯಿತು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಸಿವಿಲ್ ದಾವೆ ಹೂಡಿ ಹಿಂದಿನ ಬಾಕಿ ಕೇಳುವ ದಾರಿ ಇದೆಯಲ್ಲ ಎಂದು ವಕೀಲರು ಆಕ್ಷೇಪಿಸಬಹುದು. ಇದೆ, ಆದರೆ ಅದು ಬೇರೆ ದಾವೆ, ಬೇರೆ ಖರ್ಚು, ಬೇರೆ ವರ್ಷಗಳು. ಎದೆಹಾಲು ಕುಡಿಯುವ ಮಗುವನ್ನು ಎತ್ತಿಕೊಂಡು ಎರಡು ಕೋರ್ಟು ಅಲೆಯಬಲ್ಲವರು ಎಷ್ಟು ಮಂದಿ?

ಹುಟ್ಟದ ಮಗುವಿಗೆ ಜೀವನಾಂಶ ಹೇಗೆ ಕೇಳುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಕೇಳಲಾಗದು. ಆದರೆ ಮದುವೆಯಾದ ಬಸುರಿ ತನಗಾಗಿ ಇವತ್ತೇ ಕೇಳಬಹುದು, ಮಗು ಹುಟ್ಟಿದ ಮೇಲೆ ಅದೇ ಪ್ರಕರಣದಲ್ಲಿ ಮಗುವಿನ ಹೆಸರು ಸೇರಿಸಲು ಕೋರ್ಟನ್ನು ಕೋರಬಹುದು. ಆಸ್ಪತ್ರೆ, ಔಷಧಿ, ಕಳೆದುಕೊಂಡ ಸಂಪಾದನೆ ಇವುಗಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಅದಕ್ಕೆ ಹೊಡೆತದ ಗುರುತೇ ಬೇಕೆಂದಿಲ್ಲ. ಮನೆಖರ್ಚಿಗೆ ಕೊಡದಿರುವುದು, ಒಡವೆ ಹಿಡಿದಿಟ್ಟುಕೊಳ್ಳುವುದು ಕೂಡ ಅದರಲ್ಲಿ ದೌರ್ಜನ್ಯವೇ. ಅತ್ತೆಯ ಬೀರುವಿನಲ್ಲಿ ಉಳಿದ ಸ್ತ್ರೀಧನ ವಾಪಸ್ ಕೊಡಿ ಎಂದು ಮ್ಯಾಜಿಸ್ಟ್ರೇಟರು ಅದೇ ಕಾಯ್ದೆಯಡಿ ಆದೇಶಿಸಬಲ್ಲರು. ಈ ಕಾಯ್ದೆಯಡಿ ದೂರು ಕೇಳಬೇಕಾದ ಸಂರಕ್ಷಣಾಧಿಕಾರಿ ಎಂದರೆ ಕರ್ನಾಟಕದಲ್ಲಿ ಸಾಮಾನ್ಯವಾಗಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳ ಉಸ್ತುವಾರಿಯೂ ಅವರದೇ. ಮೊಟ್ಟೆ, ಪೌಷ್ಟಿಕ ಆಹಾರದ ಲೆಕ್ಕ ಒಪ್ಪಿಸುವುದರ ನಡುವೆ ಒಬ್ಬ ಹೆಂಗಸಿನ ಅಳಲು ಕೇಳಿ ವರದಿ ಬರೆಯಬೇಕಾದ ಆ ಅಧಿಕಾರಿಗೆ ಬಿಡುವಿಲ್ಲದಿರುವುದು ನಿಜ. ಹಾಗೆಂದು ‘ಡೆಲಿವರಿ ಆದ್ಮೇಲೆ ಬನ್ನಿ’ ಎಂದು ಸಾಗಹಾಕುವ ಅಧಿಕಾರ ಅವರಿಗಿಲ್ಲ. ಅವರಿಗಾಗಿ ಕಾಯದೆ, ನೊಂದವಳು ತಾನೇ ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ಇದಕ್ಕೆ ಬರುವ ದೊಡ್ಡ ಆಕ್ಷೇಪಣೆ ಎಂದರೆ, ಕೋರ್ಟು ಮೆಟ್ಟಿಲು ಹತ್ತಿದರೆ ಸಂಸಾರ ಮುರಿಯುತ್ತದೆ ಎಂಬುದು. ಜೀವನಾಂಶದ ಅರ್ಜಿ ವಿಚ್ಛೇದನದ ಅರ್ಜಿಯಲ್ಲ. ಅರ್ಜಿ ಬಾಕಿ ಇರುವಾಗಲೇ ಮಧ್ಯಸ್ಥಿಕೆಗೆ, ಲೋಕ ಅದಾಲತ್‌ಗೆ ಕಳಿಸುವುದುಂಟು. ರಾಜಿಯಾದರೆ ಅದು ಅಲ್ಲಿಗೇ ಮುಗಿಯುತ್ತದೆ. ಅರ್ಜಿ ಇಲ್ಲದೆ ಊರಿನ ಜಗಲಿಯ ಮೇಲೆ ನಡೆಯುವ ರಾಜಿಯೇ ಹೆಚ್ಚು ಅಪಾಯ. ಅಲ್ಲಿ ಛಾಪಾ ಕಾಗದ ಬರುತ್ತದೆ. ‘ನಾವಿಬ್ಬರೂ ಪರಸ್ಪರ ಒಪ್ಪಿ ಬೇರೆ ಬೇರೆ ವಾಸ ಮಾಡಲು ತೀರ್ಮಾನಿಸಿರುತ್ತೇವೆ’ ಎಂದು ಟೈಪು ಮಾಡಿಸಿ, ಕೆಳಗೆ ಹಿರಿಯರ ಸಾಕ್ಷಿ ಸಹಿ ಹಾಕಿಸಿ, ಬಸುರಿಯ ಮುಂದೆ ಪೆನ್ನು ಹಿಡಿಯುತ್ತಾರೆ. ಪರಸ್ಪರ ಒಪ್ಪಿ ಬೇರೆ ಇರುವ ಹೆಂಡತಿಗೆ 144ನೇ ಕಲಮಿನಡಿ ಜೀವನಾಂಶ ಇಲ್ಲ. ಆ ಒಂದು ಸಾಲಿನ ತೂಕ ಗೊತ್ತಿದ್ದು ಬರೆಸುವವರು ಒಬ್ಬರಾದರೂ ಇರುತ್ತಾರೆ, ಮತ್ತು ಅವರು ಹುಡುಗಿಯ ಕಡೆಯವರಾಗಿರುವುದಿಲ್ಲ. ‘ಇಷ್ಟು ಇಡಿಗಂಟು ಪಡೆದಿದ್ದೇನೆ, ಇನ್ನು ಮುಂದೆ ಏನೂ ಕೇಳುವುದಿಲ್ಲ’ ಎಂಬ ಒಪ್ಪಂದದ ಕಥೆ ಬೇರೆ. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ 8,000 ರೂಪಾಯಿ ಇಡಿಗಂಟು ಪಡೆದು ರಾಜಿಯಾಗಿದ್ದ ಹೆಂಡತಿ ಮುಂದೆ ಮತ್ತೆ ಜೀವನಾಂಶದ ದಾವೆ ಹೂಡಬಹುದು, ಹಳೆಯ ರಾಜಿ ಅದಕ್ಕೆ ಅಡ್ಡಿಯಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗಾಗಲೇ ಸಹಿ ಹಾಕಿಬಿಟ್ಟವರು ಧೈರ್ಯಗೆಡಬೇಕಿಲ್ಲ. ಇನ್ನೂ ಹಾಕದವರು ಮಾತ್ರ ಹಿರಿಯರ ಮುಖ ನೋಡಿ ಹಾಕಬಾರದು.

ಅವನ ಹತ್ತಿರ ಏನಿದೆ ಅಂತ ಕೇಳುತ್ತೀಯ ಎನ್ನುವವರಿಗೂ ಉತ್ತರವಿದೆ. ರಜನೀಶ್–ನೇಹಾ ತೀರ್ಪಿನ ನಂತರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು. ಹೆಂಡತಿಯೂ ಸಲ್ಲಿಸಬೇಕು, ಅವಳು ತನ್ನ ಸಂಬಳ ಮುಚ್ಚಿಟ್ಟರೆ ಅವಳ ಉಳಿದ ಮಾತನ್ನೂ ಕೋರ್ಟು ನಂಬುವುದಿಲ್ಲ. ಗಂಡನ ಸಂಬಳದ ಚೀಟಿಯನ್ನು ಮೇಲಿಂದ ಕೆಳಕ್ಕೆ ಓದುವುದು ಕಲಿಯಿರಿ. ಮೇಲೆ 48,000 ಇದೆ ಎನ್ನಿ. ಪಿಎಫ್ 1,800, ವೃತ್ತಿ ತೆರಿಗೆ 200 ಕಳೆದರೆ 46,000. ಅದರ ಕೆಳಗೆ ಸೊಸೈಟಿ ಸಾಲ 12,000, ವಿಮೆ ಕಂತು 4,000, ಪರ್ಸನಲ್ ಲೋನು 11,000 ಎಂದು ಕಳೆಯುತ್ತಾ ಬಂದು ಕೊನೆಗೆ ಕೈಗೆ ಬರುವುದು 19,000 ಎಂದು ತೋರಿಸುತ್ತಾರೆ. ಕಾನೂನು ಕಡ್ಡಾಯ ಮಾಡಿದ ಕಡಿತವನ್ನು ಕೋರ್ಟು ಒಪ್ಪುತ್ತದೆ. ತಾನಾಗಿ ಮಾಡಿಕೊಂಡ ಸಾಲ, ಉಳಿತಾಯದ ಕಂತನ್ನು ಒಪ್ಪಬೇಕಾಗಿಲ್ಲ. ನಿವ್ವಳ ಸಂಬಳದ ಶೇ 25ರಷ್ಟು ಹೆಂಡತಿಗೆ ನ್ಯಾಯಯುತ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಹೇಳಿತು. ಅದು ಎಲ್ಲರಿಗೂ ಅನ್ವಯಿಸುವ ಸೂತ್ರವಲ್ಲ, ಆದರೂ ಅಳತೆಗೆ ಇಟ್ಟುಕೊಂಡು ನೋಡಿ: 46,000ದ ಕಾಲುಭಾಗ 11,500, ಅವನು ತೋರಿಸುವ 19,000ದ ಕಾಲುಭಾಗ 4,750. ಯಾವ ಸಾಲಿನಲ್ಲಿ ಕಣ್ಣು ನಿಲ್ಲಿಸುತ್ತೀರಿ ಎನ್ನುವುದರ ಮೇಲೆ ಮಗುವಿನ ಹಾಲಿನ ದುಡ್ಡು ನಿಂತಿದೆ. ಕೆಲಸ ಬಿಟ್ಟೆ ಎನ್ನುವ ಗಂಡಂದಿರೂ ಇದ್ದಾರೆ. ಗಟ್ಟಿಮುಟ್ಟಾಗಿರುವ ಗಂಡಸು ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ. ಓದಿದವಳಲ್ಲವೇ, ದುಡಿದುಕೊಳ್ಳಲಿ ಎಂಬ ಮಾತಿಗೆ 2017ರಲ್ಲೇ ಉತ್ತರ ಬಂದಿದೆ: ದುಡಿಯಬಲ್ಲಳು ಎನ್ನುವುದು ಒಂದು, ದುಡಿಯುತ್ತಿದ್ದಾಳೆ ಎನ್ನುವುದು ಇನ್ನೊಂದು.

ಇಷ್ಟೆಲ್ಲ ಒಳ್ಳೆಯ ತೀರ್ಪುಗಳಿದ್ದೂ ದುಡ್ಡು ಬರುತ್ತದೆಯೇ ಎಂದರೆ, ಇಲ್ಲಿ ನನ್ನ ಉತ್ಸಾಹ ತಗ್ಗುತ್ತದೆ. ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟು 60 ದಿನದಲ್ಲಿ ತೀರ್ಮಾನಿಸಬೇಕೆಂದು ಕಾನೂನು ಹೇಳುತ್ತದೆ. ಆ 60 ದಿನ ಎಣಿಕೆಯಾಗುವುದು ಗಂಡನಿಗೆ ನೋಟೀಸು ತಲುಪಿದ ಮೇಲೆ. ಇಡೀ ಹೋರಾಟದಲ್ಲಿ ಹೆಂಗಸನ್ನು ಹಣ್ಣು ಮಾಡುವ ಘಟ್ಟ ಇದು. ವಾದದಲ್ಲಿ ಸೋತರೆ ಅದಕ್ಕೊಂದು ಕಾರಣವಾದರೂ ಇರುತ್ತದೆ, ಇಲ್ಲಿ ವಾದವೇ ಶುರುವಾಗಿರುವುದಿಲ್ಲ. ಲಕೋಟೆ ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ವಾಪಸ್ ಬರುತ್ತದೆ. ಮುಂದಿನ ಸಲ ‘ಈ ವಿಳಾಸದಲ್ಲಿ ಇಲ್ಲ’. ಅದರ ಮುಂದಿನ ಸಲ ಷರಾ ಹಾಗಿರಲಿ, ಲಕೋಟೆಯೇ ಬಂದಿರುವುದಿಲ್ಲ, ಆದ್ದರಿಂದ ಇನ್ನೊಂದು ವಾಯಿದೆ. ಕೂಗಿದಾಗ ಎದ್ದು ನಿಂತು, ತಾರೀಖು ಬರೆದುಕೊಂಡು, ಮತ್ತೆ ಬಸ್ಸು. ಬೆಂಚಿನ ಮೇಲೆ ತುಂಬು ಬಸುರಿ ಕೂತಿದ್ದಾಳೆಂದು ಕೋರ್ಟಿನ ಪಟ್ಟಿಯಲ್ಲಿ ಅವಳ ನಂಬರು ಮೇಲೆ ಬರುವುದಿಲ್ಲ. ಲಕೋಟೆ ತಲುಪಿಸಬೇಕಾದ ನೌಕರನನ್ನು ಬೈಯುವುದು ಸುಲಭ, ಬೈಯಬೇಕಾದ್ದೂ ಕೆಲವೊಮ್ಮೆ ಇದೆ. ಆದರೆ ಪರಿಹಾರ ಅರ್ಜಿಯಲ್ಲೇ ಇರಬೇಕು. ಮನೆಯ ವಿಳಾಸದ ಜೊತೆ ಕೆಲಸದ ಜಾಗದ ವಿಳಾಸ, ಆಧಾರ್‌ನಲ್ಲಿರುವ ಊರಿನ ವಿಳಾಸ ಎಲ್ಲವನ್ನೂ ಮೊದಲ ದಿನವೇ ಕೊಡಿ. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆಂದು ಕೋರ್ಟಿಗೆ ಮನದಟ್ಟಾದರೆ ಏಕಪಕ್ಷೀಯವಾಗಿ ಮುಂದುವರಿಯುವ ಅಧಿಕಾರ ಅದಕ್ಕಿದೆ. ಆದೇಶವಾದ ಮೇಲೆ ಕೊಡದಿದ್ದರೆ ವಸೂಲಿಗೆ ವಾರಂಟು, ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಆದರೆ ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ಬಾಕಿಗೆ ಈ ವಾರಂಟು ಸಿಗುವುದಿಲ್ಲ. ತಡಕ್ಕೆ ಇಲ್ಲೂ ದಂಡ ಇದೆ.

ಹಾಗಾಗಿ ಮನೆಯ ಬಜೆಟ್ಟಿನಲ್ಲಿ ಜೀವನಾಂಶದ ಕಾಲಮ್ಮಿಗೆ ಸೊನ್ನೆ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಂದರೆ ಹಳೆಯ ಸಾಲಕ್ಕೆ ಹೋಗಲಿ, ತಿಂಗಳ ಅಕ್ಕಿ ಅದನ್ನು ನಂಬಿಕೊಂಡಿರಬಾರದು. ನಂಬಬಹುದಾದ ದುಡ್ಡು ಬೇರೆ ಕಡೆ ಇದೆ, ಅದಕ್ಕೂ ಗಡುವುಗಳಿವೆ. ಕೆಲಸದಲ್ಲಿರುವವರು ಹೆರಿಗೆಗೆಂದು ರಾಜೀನಾಮೆ ಕೊಟ್ಟು ತವರಿಗೆ ಹೋಗುವುದು ಗಾರ್ಮೆಂಟ್ಸಿನಿಂದ ಹಿಡಿದು ಖಾಸಗಿ ಶಾಲೆಯವರೆಗೆ ರೂಢಿಯಾಗಿದೆ. ಆದರೆ ಹೆರಿಗೆ ಸೌಲಭ್ಯ ಕಾನೂನಿನ 2017ರ ತಿದ್ದುಪಡಿಯಿಂದ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳಸಹಿತ ರಜೆ ಇದೆ, ಅದರಲ್ಲಿ ಎಂಟು ವಾರವನ್ನು ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹೆರಿಗೆಯ ನಿರೀಕ್ಷಿತ ದಿನಾಂಕದ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಇಎಸ್‌ಐ ಇರುವವರಿಗೆ ಆ 26 ವಾರದ ದುಡ್ಡು ಇಎಸ್‌ಐ ಕಡೆಯಿಂದಲೇ ಬರುತ್ತದೆ. ಎರಡೂ ಕಡೆ ಮದುವೆಯಾಗಿದೆಯೇ ಎಂದು ಕಾನೂನು ಕೇಳುವುದಿಲ್ಲ. ರಾಜೀನಾಮೆ ಕೊಟ್ಟವಳು ಆರು ತಿಂಗಳ ಸಂಬಳವನ್ನು ಮಾಲೀಕನಿಗೆ ಉಡುಗೊರೆ ಕೊಟ್ಟಂತೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಮರ್ಯಾದೆಗೆ ಅಂಜಿ ನರ್ಸಿಂಗ್ ಹೋಮಿಗೆ ಹೋಗಿ ಒಡವೆ ಅಡವಿಡುವ ಮೊದಲು ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬದಂಥ ಆಸ್ಪತ್ರೆಗಳಲ್ಲಿ ಎಷ್ಟು ಕಷ್ಟದ ಹೆರಿಗೆಗಳು ಆಗುತ್ತವೆ ಎಂದು ವಿಚಾರಿಸಿ ನೋಡಿ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಅರ್ಹರಿಗೆ ಮೊದಲ ಮಗುವಿಗೆ 5,000 ರೂಪಾಯಿ ಎರಡು ಕಂತಿನಲ್ಲಿ ಬರುತ್ತದೆ. ಮೊದಲು ಗಂಡನ ಆಧಾರ್ ಕೇಳುತ್ತಿದ್ದರು, 2022ರ ಹೊಸ ಮಾರ್ಗಸೂಚಿಯಲ್ಲಿ ಅದು ಕಡ್ಡಾಯವಲ್ಲ. ಈಗಲೂ ಕೇಳಿದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎನ್ನಿ. ರೇಷನ್ ಕಾರ್ಡು ಇದಕ್ಕಿಂತ ಜಟಿಲ. ಸೊಸೆಯ ಹೆಸರು ಅತ್ತೆ ಯಜಮಾನಿಯಾಗಿರುವ ಕಾರ್ಡಿನಲ್ಲಿ ಇದ್ದರೆ ಗೃಹಲಕ್ಷ್ಮಿಯ 2,000 ಅತ್ತೆಯ ಖಾತೆಗೆ ಹೋಗುತ್ತದೆ. ಆ ಕಾರ್ಡಿನಿಂದ ಹೆಸರು ತೆಗೆಸದೆ ಬೇರೆ ಕಾರ್ಡಿಗೆ ಸೇರಲಾಗದು, ಹೊಸ ಕಾರ್ಡಿನ ಅರ್ಜಿಯೂ ಸದಾ ತೆರೆದಿರುವುದಿಲ್ಲ. ಬಾಣಂತನ ಮುಗಿಯಲಿ ಎಂದು ಕೂತರೆ ಇದೂ ವರ್ಷ ಹಿಡಿಯುತ್ತದೆ.

ಮದುವೆಯಿಲ್ಲದೆ ತಾಯಿಯಾಗುವವಳ ಲೆಕ್ಕ ಬೇರೆ, ಅದನ್ನು ಒಟ್ಟಿಗೆ ಕಲಸಬಾರದು. 144ನೇ ಕಲಮಿನಲ್ಲಿ ಅವಳಿಗೆ ತನಗಾಗಿ ಕೇಳುವ ಹಕ್ಕಿಲ್ಲ, ಮಗುವಿಗೆ ಪೂರ್ತಿ ಹಕ್ಕಿದೆ. ವಿವಾಹದಿಂದ ಹುಟ್ಟಿರಲಿ ಇಲ್ಲದಿರಲಿ ಎಂದು ಕಲಮಿನಲ್ಲೇ ಬರೆದಿದೆ. ದಂಪತಿಯಂತೆ ಒಟ್ಟಿಗೆ ಬಾಳಿದ್ದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯೂ ಅವಳಿಗೆ ಸಲ್ಲುತ್ತದೆ. ಮದುವೆಯಾದವಳ ಮಗುವಿನ ವಿಷಯದಲ್ಲಿ ತಂದೆ ಯಾರೆಂದು ಕಾನೂನೇ ಊಹಿಸುತ್ತದೆ, ‘ನನ್ನದಲ್ಲ’ ಎನ್ನುವ ಗಂಡನ ಮೇಲೆ ಸಾಬೀತಿನ ಭಾರ ಬೀಳುತ್ತದೆ. ಮದುವೆಯಿಲ್ಲದಿದ್ದರೆ ಆ ಭಾರ ತಾಯಿಯ ಮೇಲೆ. ಡಿಎನ್‌ಎ ಪರೀಕ್ಷೆಗೆ ಕೋರ್ಟುಗಳು ಕೇಳಿದ ಕೂಡಲೇ ಆದೇಶಿಸುವುದಿಲ್ಲ, ಮೊದಲು ಮೇಲ್ನೋಟದ ಆಧಾರ ತೋರಿಸಬೇಕು. ಹಾಗಾಗಿ ಅವಳ ಮಟ್ಟಿಗೆ ಬಾಡಿಗೆ ಕರಾರು, ಜೊತೆಗಿನ ಫೋಟೊ, ಅವನು ಆಸ್ಪತ್ರೆಯಲ್ಲಿ ಹಾಕಿದ ಸಹಿ ಬಲು ಮುಖ್ಯ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ತಂದೆಯ ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ, ತಾಯಿಯ ಪ್ರಮಾಣಪತ್ರ ಸಾಕು ಎಂದು 2015ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆಸರು ಖಾಲಿ ಬಿಟ್ಟರೆ ಜೀವನಾಂಶದ ಹಕ್ಕು ಹೋಗುತ್ತದೆ ಎಂದು ಹೆದರಿಸುವವರ ಮಾತು ನಂಬಬೇಡಿ. ಜನನ ಪತ್ರದಲ್ಲಿ ಬರೆಯುವುದು ಬೇರೆ, ಕೋರ್ಟಿನಲ್ಲಿ ಪಿತೃತ್ವ ಸಾಬೀತು ಮಾಡುವುದು ಬೇರೆ.

ಸ್ವಾಭಿಮಾನದ ಆಕ್ಷೇಪಣೆಯನ್ನು ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಅದನ್ನು ಹೇಳುವವರು ಬಸುರಿಯರೇ. ಅವನ ದುಡ್ಡು ನನಗೆ ಬೇಡ, ನಾನೇ ಸಾಕುತ್ತೇನೆ. ತನಗೆ ಬೇಡ ಎನ್ನುವ ಸ್ವಾತಂತ್ರ್ಯ ಅವಳಿಗೆ ಪೂರ್ತಿ ಇದೆ. ಮಗುವಿಗೆ ಬೇಡ ಎನ್ನುವ ಸ್ವಾತಂತ್ರ್ಯ ಇಲ್ಲ. ಅದು ಮಗುವಿನ ಹಕ್ಕು, ತಾಯಿ ಅದರ ಕಾವಲುಗಾರ್ತಿ ಮಾತ್ರ. ತಾಯಿ ಬರೆದುಕೊಟ್ಟ ಬಿಡುಗಡೆ ಪತ್ರ ಮಗುವಿನ ಜೀವನಾಂಶವನ್ನು ಕಟ್ಟಿಹಾಕುವುದಿಲ್ಲ ಎಂದು ಕೋರ್ಟುಗಳು ಹೇಳುತ್ತ ಬಂದಿರುವುದೂ ಇದೇ ತರ್ಕದ ಮೇಲೆ. ವಕೀಲರ ಫೀಸಿಗೆ ದುಡ್ಡಿಲ್ಲ ಎಂಬುದು ಮಾತ್ರ ನಿಜವಾದ ತೊಡಕು, ಅದಕ್ಕೂ ದಾರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ನಿಮ್ಮ ಊರಿನ ಕೋರ್ಟಿನ ಆವರಣದಲ್ಲೇ ಇರುತ್ತದೆ, ಸಹಾಯವಾಣಿ 15100. ಏಳನೇ ತಿಂಗಳು ತುಂಬುವ ಮೊದಲೇ ಅಲ್ಲಿಗೆ ಹೋಗಿ. ಅರ್ಜಿ ಸಲ್ಲಿಸಿದ ಮೇಲೆ ಸ್ವೀಕೃತಿಯ ಮುದ್ರೆ ಮತ್ತು ತಾರೀಖು ಇರುವ ಪ್ರತಿಯನ್ನು ಕೇಳಿ ಪಡೆಯಿರಿ; ಮುಂದೆ ಆಗುವ ಪ್ರತಿ ರೂಪಾಯಿಯ ಲೆಕ್ಕ ಆ ತಾರೀಖಿನಿಂದಲೇ ಶುರು.